ಆಕಾಶದಲ್ಲಿ ನಕ್ಷತ್ರ ಹಚ್ಚಲು ಯಾವ ಲೇಸರ್ ಆರಿಸಬೇಕು?

"ಮೇಡಂ, ಎಷ್ಟು ವ್ಯಾಟ್‌ದು ಬೇಕ್ರಿ?" ಕಲಬುರಗಿಯಲ್ಲಿ ಎಂ.ಎಸ್ಸಿ. ಫಿಸಿಕ್ಸ್ ಮಕ್ಕಳ ಜೊತೆ ಲೇಸರ್ ಗೈಡ್ ಸ್ಟಾರ್ (ದೂರದರ್ಶಕದ ಚಿತ್ರ ಚೂಪು ಮಾಡಲು ಲೇಸರಿನಿಂದ ಆಕಾಶದಲ್ಲಿ ಹಚ್ಚುವ ಕೃತಕ ನಕ್ಷತ್ರ) ಮಾತು ತೆಗೆದರೆ ಮೊದಲು ಬರುವ ಪ್ರಶ್ನೆ ಇದೇ. ಪ್ರಶ್ನೆ ತಪ್ಪಲ್ಲ, ಆದರೆ ಅದರ ಸರದಿ ಕೊನೆಯದು. ಮೊದಲು ಕೇಳಬೇಕಾದ್ದು ಬೇರೆ: ದೂರದರ್ಶಕದ ಕನ್ನಡಿ ಎಷ್ಟು ದೊಡ್ಡದು, ಯಾವ ಬಣ್ಣದ ಬೆಳಕಿನಲ್ಲಿ ಆಕಾಶ ನೋಡುತ್ತೀರಿ? ಅದು ಗೊತ್ತಾದರೆ ಕೃತಕ ನಕ್ಷತ್ರವನ್ನು ಎಷ್ಟು ಎತ್ತರದಲ್ಲಿ ಹಚ್ಚಬೇಕು ಅಂತ ತಿಳಿಯುತ್ತದೆ. ಎತ್ತರ ತಿಳಿದರೆ ಲೇಸರಿನ ಬಣ್ಣ ತಿಳಿಯುತ್ತದೆ. ಬಣ್ಣ ತಿಳಿದರೆ ಯಾವ ಜಾತಿಯ ಲೇಸರ್ ಅಂತ ನಾಲ್ಕೈದು ಹೆಸರು ಮಾತ್ರ ಉಳಿಯುತ್ತವೆ. ಆಮೇಲೆ ವ್ಯಾಟ್.

ಸೆಮಿನಾರ್ ಮಾಡುವವರು, ಪ್ರಾಜೆಕ್ಟಿಗೆ ಡಿಸೈನ್ ಲೆಕ್ಕ ಬರೆಯುವವರು, ಮುಂದೆ ದೊಡ್ಡ ವೀಕ್ಷಣಾಲಯದಲ್ಲಿ ಕೆಲಸ ಮಾಡಬೇಕು ಅನ್ನುವವರು ನಮ್ಮ ಕಡೆ ಜಾಸ್ತಿ ಆಗುತ್ತಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಇಂಥ ದೂರದರ್ಶಕ ಇಲ್ಲ. ಕಪ್ಪು ಮಣ್ಣು ಹಗಲೆಲ್ಲ ಕಾದು ರಾತ್ರಿಯೆಲ್ಲ ಶಾಖ ಬಿಡುವ ಜಾಗ ನಮ್ಮದು, ಅದಕ್ಕೆ ಹೇಳಿಮಾಡಿಸಿದ್ದಲ್ಲ. ಆದರೆ ಲೆಕ್ಕ ಕಲಿಯಲು ಬೆಟ್ಟ ಹತ್ತಬೇಕಾಗಿಲ್ಲ ಅಲ್ವಾ?

ಕೃತಕ ನಕ್ಷತ್ರ ಯಾಕೆ ಬೇಕು ಅನ್ನುವುದನ್ನು ಬೇಗ ಮುಗಿಸುತ್ತೇನೆ. ಮೇ ತಿಂಗಳ ಮಧ್ಯಾಹ್ನ ಜೇವರ್ಗಿ ರಸ್ತೆಯಲ್ಲಿ ದೂರದಿಂದ ಬರುವ ಲಾರಿ ನೋಡಿ. ನೀರೊಳಗಿನ ಬಿಂಬದ ಹಾಗೆ ಅಲುಗಾಡುತ್ತದೆ. ಬಿಸಿ ಗಾಳಿ, ತಂಪು ಗಾಳಿ ಬೆರೆಯುವಲ್ಲೆಲ್ಲ ಬೆಳಕು ಸ್ವಲ್ಪ ಸ್ವಲ್ಪ ಬಾಗುತ್ತದೆ. ನಕ್ಷತ್ರದ ಬೆಳಕಿಗೂ ಇದೇ ಗತಿ, ರಾತ್ರಿ ಮಿನುಗುವುದು ಅದಕ್ಕೇ. ಅಡಾಪ್ಟಿವ್ ಆಪ್ಟಿಕ್ಸ್ ಅಂದರೆ ಬೆಳಕು ಎಷ್ಟು ಸೊಟ್ಟಗಾಗಿದೆ ಅಂತ ಸೆಕೆಂಡಿಗೆ ಸಾವಿರ ಸಲದ ಹಾಗೆ ಅಳೆದು, ಅಷ್ಟೇ ವೇಗದಲ್ಲಿ ಒಂದು ತೆಳು ಕನ್ನಡಿಯನ್ನು ಹಿಂದಿನಿಂದ ತಳ್ಳಿ ಎಳೆದು ಸರಿಮಾಡುವ ಕೆಲಸ. 1953ರಲ್ಲಿ ಅಮೆರಿಕದ ಖಗೋಳ ವಿಜ್ಞಾನಿ ಹೊರೇಸ್ ಬ್ಯಾಬ್‌ಕಾಕ್ ಈ ಯೋಚನೆ ಬರೆದಿಟ್ಟರು. ಅಳೆಯಲು ಒಂದು ಹೊಳೆಯುವ ನಕ್ಷತ್ರ ಬೇಕು, ಅದೂ ನೀವು ನೋಡುವ ವಸ್ತುವಿನ ಪಕ್ಕದಲ್ಲೇ. ಆಕಾಶದ ಹೆಚ್ಚಿನ ಭಾಗದಲ್ಲಿ ಅಂಥದ್ದು ಸಿಗುವುದಿಲ್ಲ. ಹಾಗಾಗಿ ನಾವೇ ಒಂದನ್ನು ಹಚ್ಚಿಕೊಳ್ಳೋಣ ಅಂತ 1985ರಲ್ಲಿ ಫ್ರಾನ್ಸಿನ ಫುವಾ ಮತ್ತು ಲಬೇರಿ ಬರೆದರು. ಅಮೆರಿಕದ ಸೇನೆಯವರು ಅದಕ್ಕೂ ಮುಂಚೆಯೇ ಇದೇ ಕೆಲಸ ಗುಟ್ಟಾಗಿ ಶುರು ಮಾಡಿದ್ದರು. ಆ ಗುಟ್ಟು 1991ರಲ್ಲಿ ಬಯಲಿಗೆ ಬಂತು.

ಎತ್ತರ ಮೊದಲು

ಲೇಸರಿನಿಂದ ನಕ್ಷತ್ರ ಹಚ್ಚಲು ಎರಡು ದಾರಿ ಇವೆ. ಒಂದು, ಗಾಳಿಯ ಕಣಗಳಿಂದಲೇ ಬೆಳಕು ಚದುರಿ ವಾಪಸ್ ಬರುವಂತೆ ಮಾಡುವುದು. ಇದು ರೇಲಿ ನಕ್ಷತ್ರ. ಎತ್ತರ ಹೋದಂತೆ ಗಾಳಿ ತೆಳುವಾಗುವುದರಿಂದ ಇದು 10ರಿಂದ 20 ಕಿ.ಮೀ. ಒಳಗೇ ನಿಲ್ಲುತ್ತದೆ. ಇನ್ನೊಂದು, ಸುಮಾರು 90 ಕಿ.ಮೀ. ಎತ್ತರದಲ್ಲಿ ಸೋಡಿಯಂ ಪರಮಾಣುಗಳ (ಇಲ್ಲಿ ಸುಮ್ನೆ ಅಣು ಅನ್ನುತ್ತೇನೆ) ಒಂದು ಪದರ ಇದೆ, ಅದನ್ನು ಬೆಳಗಿಸುವುದು. ಇದು ಸೋಡಿಯಂ ನಕ್ಷತ್ರ.

ಎರಡರಲ್ಲಿ ಯಾವುದು? ಒಂದು ಕಾಗದ ತೆಗೆದುಕೊಳ್ಳಿ. ಕೆಳಗೆ ಕನ್ನಡಿ ಅಂತ ಒಂದು ಗೆರೆ ಎಳೆಯಿರಿ. ನಿಜವಾದ ನಕ್ಷತ್ರದ ಬೆಳಕು ಕನ್ನಡಿಗೆ ನೇರ ಕೊಳವೆಯ ಹಾಗೆ ಬರುತ್ತದೆ, ಎರಡೂ ಅಂಚಿನಿಂದ ಮೇಲಕ್ಕೆ ನೇರ ಗೆರೆ. ಲೇಸರ್ ನಕ್ಷತ್ರ ಹತ್ತಿರದಲ್ಲಿದೆ, ಹಾಗಾಗಿ ಅದರ ಬೆಳಕು ತಲೆಕೆಳಗಾದ ಆಲಿಕೆಯ ಹಾಗೆ ಬರುತ್ತದೆ, ಮೇಲೆ ಚೂಪು, ಕೆಳಗೆ ಅಗಲ. ಈಗ ನಕ್ಷತ್ರವನ್ನು 15 ಕಿ.ಮೀ.ನಲ್ಲಿ ಇಡಿ. 5 ಕಿ.ಮೀ. ಎತ್ತರದ ಗಾಳಿಯಲ್ಲಿ ಆಲಿಕೆಯ ಅಗಲ ಕನ್ನಡಿಯ ಮೂರರಲ್ಲಿ ಎರಡು ಪಾಲು. 10 ಕಿ.ಮೀ.ನಲ್ಲಿ ಬರೀ ಮೂರರಲ್ಲಿ ಒಂದು ಪಾಲು. ಉಳಿದ ಗಾಳಿಯ ಸುದ್ದಿ ನಿಮಗೆ ಬರುವುದೇ ಇಲ್ಲ, ಆದರೆ ನೀವು ನೋಡಬೇಕಾದ ಗ್ಯಾಲಕ್ಸಿಯ ಬೆಳಕು ಆ ಗಾಳಿಯನ್ನೂ ದಾಟಿಯೇ ಬರುತ್ತದೆ. ಅದೇ 90 ಕಿ.ಮೀ.ನಲ್ಲಿ ಇಟ್ಟರೆ, 10 ಕಿ.ಮೀ. ಎತ್ತರದಲ್ಲೂ ಒಂಬತ್ತರಲ್ಲಿ ಎಂಟು ಪಾಲು ಸಿಕ್ಕಿತು. ಇದಕ್ಕೆ ಕೋನ್ ಎಫೆಕ್ಟ್ ಅನ್ನುತ್ತಾರೆ. ಕನ್ನಡಿ ದೊಡ್ಡದಾದಷ್ಟೂ, ನೋಡುವ ಬೆಳಕಿನ ತರಂಗಾಂತರ ಕಡಿಮೆಯಾದಷ್ಟೂ ಇದರ ಪೆಟ್ಟು ಜೋರು.

ನನ್ನ ಅಂದಾಜು ಹೀಗೆ ನಡೆಯುತ್ತದೆ. 1ರಿಂದ 2 ಮೀಟರ್ ಕನ್ನಡಿಗೆ ರೇಲಿ ಸಾಕು, ಸೋಡಿಯಂ ಹಿಂದೆ ಹೋಗುವುದು ದುಂದು. 8 ಮೀಟರಿನ ಮೇಲೆ, ಪೂರ್ತಿ ಚೂಪಾದ ಚಿತ್ರ ಬೇಕು ಅಂದರೆ ಸೋಡಿಯಂ ಬಿಟ್ಟು ಬೇರೆ ದಾರಿ ಇಲ್ಲ. ನಡುವಿನದ್ದೇ ಕಷ್ಟ. ನೈನಿತಾಲ್ ಹತ್ತಿರ ದೇವಸ್ಥಲದಲ್ಲಿ ನಮ್ಮದೇ 3.6 ಮೀಟರ್ ದೂರದರ್ಶಕ ಇದೆಯಲ್ಲ, ಅದನ್ನೇ ಮನಸ್ಸಿನಲ್ಲಿಟ್ಟು ಲೆಕ್ಕ ಹಾಕಿ ನೋಡಿ, ಒಳ್ಳೆಯ ಅಭ್ಯಾಸ. ಅಷ್ಟು ಕನ್ನಡಿಗೆ ಇನ್‌ಫ್ರಾರೆಡ್‌ನಲ್ಲಿ ಒಂದೇ ಸೋಡಿಯಂ ನಕ್ಷತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ಕಣ್ಣಿಗೆ ಕಾಣುವ ಬೆಳಕಿಗೆ ಬಂದರೆ ಒಂದು ಸಾಲದೇ ಹೋಗಬಹುದು.

ಒಂದು ವಿನಾಯಿತಿ ಹೇಳಿಬಿಡುತ್ತೇನೆ, ಯಾಕೆಂದರೆ ಇದನ್ನು ಮರೆತು "ದೊಡ್ಡ ಕನ್ನಡಿ ಅಂದರೆ ಸೋಡಿಯಂ" ಅಂತ ಸುಮ್ನೆ ಬರೆದುಬಿಡುತ್ತಾರೆ. ಅರಿಜೋನಾದ ಲಾರ್ಜ್ ಬೈನಾಕ್ಯುಲರ್ ದೂರದರ್ಶಕದಲ್ಲಿ 8.4 ಮೀಟರಿನ ಎರಡು ಕನ್ನಡಿಗಳಿವೆ. ಅಲ್ಲಿ ಆರ್ಗೋಸ್ ಅನ್ನುವ ವ್ಯವಸ್ಥೆ ಹಸಿರು ಲೇಸರಿನಿಂದ ರೇಲಿ ನಕ್ಷತ್ರಗಳನ್ನೇ ಹಚ್ಚಿತು, ಒಂದೊಂದು ಕನ್ನಡಿಗೆ ಮೂರು, ಸುಮಾರು 12 ಕಿ.ಮೀ. ಎತ್ತರದಲ್ಲಿ. ಅವರ ಉದ್ದೇಶ ಬೇರೆ ಇತ್ತು. ನೆಲದ ಹತ್ತಿರದ ಗಾಳಿಯ ಗಲಾಟೆಯನ್ನು ಮಾತ್ರ ತೆಗೆದು, ಅಗಲವಾದ ಆಕಾಶಕ್ಕೆ ಒಂದೇ ಸಮನೆ ಸುಧಾರಣೆ ಕೊಡುವುದು. ಗುರಿ ಅಷ್ಟೇ ಇದ್ದರೆ ತಗ್ಗಿನ ನಕ್ಷತ್ರವೇ ಒಳ್ಳೆಯದು.

ರೇಲಿ ಅಂದರೆ: ಹಸಿರೋ, ನೇರಳಾತೀತವೋ?

ಗಾಳಿ ಬೆಳಕನ್ನು ಚದುರಿಸುವ ಪ್ರಮಾಣ ತರಂಗಾಂತರದ ನಾಲ್ಕನೇ ಘಾತಕ್ಕೆ ತಿರುಗುಮುರುಗು. 532 ನ್ಯಾನೋಮೀಟರಿನ ಹಸಿರಿಗೆ ಹೋಲಿಸಿದರೆ 355 ನ್ಯಾನೋಮೀಟರಿನ ನೇರಳಾತೀತ ಸುಮಾರು 5 ಪಟ್ಟು ಜಾಸ್ತಿ ಚದುರುತ್ತದೆ. ಎರಡೂ ಒಂದೇ ಮನೆಯ ಮಕ್ಕಳು, ಎನ್‌ಡಿ-ಯಾಗ್ ಅನ್ನುವ ಹರಳಿನ ಲೇಸರಿನ 1064 ನ್ಯಾನೋಮೀಟರ್ ತರಂಗಾಂತರವನ್ನು ಎರಡು ಪಾಲು ಮಾಡಿದರೆ ಹಸಿರು, ಮೂರು ಪಾಲು ಮಾಡಿದರೆ ನೇರಳಾತೀತ. ಕಾರ್ಖಾನೆಗಳಲ್ಲಿ ದಿನವಿಡೀ ಓಡುವ ಲೇಸರ್‌ಗಳು ಇವು. ಬೆಲೆ ಕಡಿಮೆ, ಬಾಳಿಕೆ ಜಾಸ್ತಿ, ರಿಪೇರಿ ಗೊತ್ತಿರುವವರು ಸಿಗುತ್ತಾರೆ.

ಸಣ್ಣ ದೂರದರ್ಶಕಕ್ಕೆ ನಾನು ನೇರಳಾತೀತದ ಕಡೆ. ಐದು ಪಟ್ಟಿನ ಮಾತು ಒಂದು ಕಾರಣ. ಅದರಲ್ಲಿ ಒಂದು ಪಾಲು ಫೋಟಾನ್ ಲೆಕ್ಕದಲ್ಲಿ ಕಳೆದುಹೋಗುತ್ತದೆ, ನೇರಳಾತೀತದ ಒಂದೊಂದು ಫೋಟಾನಿಗೂ ಶಕ್ತಿ ಜಾಸ್ತಿ ಇರುವುದರಿಂದ ಅಷ್ಟೇ ವ್ಯಾಟಿಗೆ ಫೋಟಾನ್ ಕಡಿಮೆ ಬರುತ್ತವೆ. ಆದರೂ ಲಾಭ ಉಳಿಯುತ್ತದೆ. ಇನ್ನೊಂದು ಕಾರಣ ಇನ್ನೂ ಗಟ್ಟಿ. ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಪೈಲಟ್‌ಗಳಿಗೆ ಕಣ್ಣು ಕುಕ್ಕುವುದಿಲ್ಲ. ಅಮೆರಿಕದ ಪಾಲೋಮಾರ್‌ನಲ್ಲಿ 1.5 ಮೀಟರ್ ದೂರದರ್ಶಕಕ್ಕೆ ರೋಬೋ-ಎಒ ಅನ್ನುವ ಅಡಾಪ್ಟಿವ್ ಆಪ್ಟಿಕ್ಸ್ ವ್ಯವಸ್ಥೆ ಕಟ್ಟಿದವರು ಇದನ್ನೇ ಆರಿಸಿದರು, ಹಾಗಾಗಿ ವಿಮಾನ ಕಾಯಲು ರಾತ್ರಿಯಿಡೀ ಆಳು ನಿಲ್ಲಿಸುವುದು ತಪ್ಪಿತು. ಆ ಕೆಲಸದಲ್ಲಿ ಪುಣೆಯ ಖಗೋಳ ವಿಜ್ಞಾನ ಕೇಂದ್ರ ಅಯೂಕಾ ಕೂಡ ಪಾಲುದಾರ ಅನ್ನುವುದು ನನಗೆ ಬಹಳ ಹೆಮ್ಮೆಯ ವಿಷಯ. ಕಲಬುರಗಿಯಿಂದ ರಾತ್ರಿ ರೈಲು ಹತ್ತಿದರೆ ಬೆಳಗಾಗುವುದರೊಳಗೆ ಪುಣೆ.

ರೇಲಿಗೆ ಮಿಡಿಯುವ ಲೇಸರೇ ಬೇಕು, ಎಡೆಬಿಡದೆ ಉರಿಯುವುದು ಕೆಲಸಕ್ಕೆ ಬಾರದು. ಯಾಕೆ ಅಂದರೆ ಗಾಳಿ ದಾರಿಯುದ್ದಕ್ಕೂ ಬೆಳಕು ಚದುರಿಸುತ್ತದೆ, ನೆಲದಿಂದಲೇ ಶುರು. ನಿಮಗೆ ಬೇಕಾದ್ದು 10 ಕಿ.ಮೀ. ಎತ್ತರದ ಒಂದು ಚಿಕ್ಕ ತುಂಡು ಮಾತ್ರ. ಅದಕ್ಕೆ ಒಂದು ಚಿಟುಕೆ ಬೆಳಕು ಬಿಟ್ಟು ಕಾಯಬೇಕು. 10 ಕಿ.ಮೀ. ಹೋಗಿ ಬರಲು ಬೆಳಕಿಗೆ ಸುಮಾರು 67 ಮೈಕ್ರೋಸೆಕೆಂಡ್. ಸರಿಯಾಗಿ ಆ ಹೊತ್ತಿಗೆ ಸೆನ್ಸರಿನ ಬಾಗಿಲು ತೆರೆದು ಮುಚ್ಚಬೇಕು. 3 ಮೈಕ್ರೋಸೆಕೆಂಡ್ ತೆರೆದಿಟ್ಟರೆ 450 ಮೀಟರ್ ದಪ್ಪದ ಗಾಳಿಯ ಬೆಳಕು ಒಳಗೆ ಬರುತ್ತದೆ. ಇಷ್ಟು ಚುರುಕಾಗಿ ತೆರೆಯಲು ಪಾಕೆಲ್ಸ್ ಸೆಲ್ ಥರದ ವಿದ್ಯುತ್ ಬಾಗಿಲು ಬೇಕು. ಮಕ್ಕಳು ಲೇಸರಿನ ಖರ್ಚು ಬರೆದು ಈ ಬಾಗಿಲಿನ ಖರ್ಚು ಬಿಟ್ಟುಬಿಡುತ್ತಾರೆ. ಬಿಡಬೇಡಿ. ಹಾಗೆಯೇ ನೇರಳಾತೀತಕ್ಕೆ ಕನ್ನಡಿಗಳ ಲೇಪ, ಗಾಜು, ಡಿಟೆಕ್ಟರ್ ಎಲ್ಲವೂ ಬೇರೆಯೇ ಆಗುತ್ತವೆ. ಮಾಮೂಲಿ ಗಾಜು 355ರಲ್ಲಿ ಬೆಳಕು ನುಂಗಲು ಶುರು ಮಾಡುತ್ತದೆ.

ಸೋಡಿಯಂ ಅಂದರೆ: ಮೊದಲು ಅಡುಗೆಮನೆಗೆ ಹೋಗಿ

ಗ್ಯಾಸ್ ಒಲೆ ಹಚ್ಚಿ, ಉರಿ ಸಣ್ಣದು ಮಾಡಿ, ಲೈಟ್ ಆರಿಸಿ. ಒಂದು ಚಿಟಿಕೆ ಉಪ್ಪನ್ನು ಉರಿಯ ಅಂಚಿಗೆ ಉದುರಿಸಿ. ನೀಲಿ ಉರಿ ಒಂದು ಕ್ಷಣ ಹಳದಿ ಆಗುತ್ತದೆ, ಕುಂಕುಮದ ಕಡೆಗೆ ಸ್ವಲ್ಪ ವಾಲಿದ ಹಳದಿ. ಆ ಬಣ್ಣವೇ 589 ನ್ಯಾನೋಮೀಟರ್. ರೊಟ್ಟಿ ಬಡಿಯುವಾಗ ಉಪ್ಪು ನೀರು ಸಿಡಿದು ಉರಿ ಹಳದಿ ಆಗುವುದನ್ನು ನೀವು ನೂರು ಸಲ ನೋಡಿರುತ್ತೀರಿ. ಸೋಡಿಯಂ ಅಣು ಈ ಬಣ್ಣವನ್ನು ಬಿಡುತ್ತದೆ, ಇದೇ ಬಣ್ಣವನ್ನು ಹೀರಿಕೊಳ್ಳುತ್ತದೆ. 90 ಕಿ.ಮೀ. ಮೇಲೆ ನಾವು ಮಾಡುವುದು ಇಷ್ಟೇ: ಆ ಬಣ್ಣ ಕಳಿಸಿ, ಆ ಬಣ್ಣ ವಾಪಸ್ ಪಡೆಯುವುದು.

ಅಲ್ಲಿ ಸೋಡಿಯಂ ಹೇಗೆ ಬಂತು? ಉಲ್ಕೆಗಳು ಉರಿದು ಬಿಟ್ಟುಹೋದದ್ದು. ಎಷ್ಟಿದೆ ಅಂತ ನಾನೊಮ್ಮೆ ಕೂತು ಲೆಕ್ಕ ಹಾಕಿದೆ. ಪದರದ ದಪ್ಪ ಸುಮಾರು 10 ಕಿ.ಮೀ., ಒಂದು ಚದರ ಮೀಟರ್ ನೆಲದ ಮೇಲೆ ಸುಮಾರು 40 ಲಕ್ಷ ಕೋಟಿ ಅಣು. ಕೇಳಲು ದೊಡ್ಡದು. ಕಲಬುರಗಿ ಜಿಲ್ಲೆ ಸುಮಾರು 11 ಸಾವಿರ ಚದರ ಕಿ.ಮೀ. ಇದೆ. ಇಡೀ ಜಿಲ್ಲೆಯ ನೆತ್ತಿಯ ಮೇಲಿರುವ ಸೋಡಿಯಂ ಒಟ್ಟುಗೂಡಿಸಿದರೆ 17 ಗ್ರಾಂ ಆಗುತ್ತದೆ! ಒಂದು ಹಿಡಿ ಉಪ್ಪಿನಲ್ಲಿ ಇರುವಷ್ಟು. ಅಷ್ಟು ತೆಳು ಪದರದಿಂದ ಬೆಳಕು ವಾಪಸ್ ತರಬೇಕು ಅಂದರೆ ಲೇಸರ್ ಅಣುವಿನ ಮನಸ್ಸು ಅರಿತು ನಡೆಯಬೇಕು. ಸೋಡಿಯಂ ಲೇಸರ್ ಆರಿಸುವುದರ ಗುಟ್ಟೆಲ್ಲ ಇಲ್ಲೇ ಇದೆ, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಒಂದು, ಬಣ್ಣ 589 ಅಂದರೆ ಸಾಲದು. ಅಣುಗಳು ಓಡಾಡುತ್ತಿರುವುದರಿಂದ ಅವು ಹೀರುವ ಬಣ್ಣ (ಅಂದರೆ ಬೆಳಕಿನ ಆವರ್ತನ) ಸುಮಾರು 1 ಗಿಗಾಹರ್ಟ್ಸ್ ಅಗಲಕ್ಕೆ ಹರಡಿರುತ್ತದೆ. ನಿಂತ ಒಂದು ಅಣು ಹೀರುವ ಅಗಲ ಬರೀ 10 ಮೆಗಾಹರ್ಟ್ಸ್. ಲೇಸರಿನ ಗೆರೆ, ಅಂದರೆ ಅದರ ಬಣ್ಣದ ಹರವು, ಕೆಲವೇ ಮೆಗಾಹರ್ಟ್ಸ್ ಅಗಲ ಇದ್ದರೆ, ಅದು ಒಂದೇ ವೇಗದ ಅಣುಗಳನ್ನು ಹಿಡಿದು ಮತ್ತೆ ಮತ್ತೆ ಹೊಳೆಸುತ್ತದೆ. ಎಲ್ಲರಿಗೂ ಚೂರು ಚೂರು ಹಂಚುವುದಕ್ಕಿಂತ ಇದು ಲಾಭ.

ಎರಡು, ಆ ಅಣುಗಳು ಜಾರಿಹೋಗುತ್ತವೆ. ಸೋಡಿಯಂನ ತಳಮಟ್ಟದಲ್ಲಿ ಎರಡು ಮೆಟ್ಟಿಲಿವೆ, ನಡುವೆ 1.77 ಗಿಗಾಹರ್ಟ್ಸ್ ಅಂತರ. ಮೇಲಿನ ಮೆಟ್ಟಿಲಿನ ಅಣುವನ್ನು ಲೇಸರ್ ಎತ್ತುತ್ತದೆ, ಅದು ಸುಮಾರು 16 ನ್ಯಾನೋಸೆಕೆಂಡಿನಲ್ಲಿ ಬೆಳಕು ಬಿಟ್ಟು ಇಳಿಯುತ್ತದೆ. ಇಳಿಯುವಾಗ ಕೆಲವು ಅಣುಗಳು ಕೆಳಗಿನ ಮೆಟ್ಟಿಲಿಗೆ ಬೀಳುತ್ತವೆ. ಬಿದ್ದರೆ ಲೇಸರಿಗೆ ಅವು ಕಾಣುವುದೇ ಇಲ್ಲ. ಅವನ್ನು ಮೇಲೆತ್ತಲು ಲೇಸರಿನ ಶಕ್ತಿಯ ಸುಮಾರು 10ನೇ ಒಂದು ಪಾಲನ್ನು 1.7 ಗಿಗಾಹರ್ಟ್ಸ್ ಆಚೆಯ ಬಣ್ಣಕ್ಕೆ ಸರಿಸಿ ಕಳಿಸಬೇಕು. ಇದಕ್ಕೆ ರೀಪಂಪಿಂಗ್ ಅನ್ನುತ್ತಾರೆ. ಹಳೆಯ ಲೇಸರ್‌ಗಳಲ್ಲಿ ಇದು ಇರಲಿಲ್ಲ. ನೀವು ಹೊಸದಾಗಿ ಆರಿಸುತ್ತಿದ್ದರೆ ರೀಪಂಪ್ ಇಲ್ಲದ ಸೋಡಿಯಂ ಲೇಸರ್ ಪಟ್ಟಿಗೆ ಸೇರಿಸಲೇಬೇಡಿ.

ಮೂರು, ಪ್ರತಿ ಫೋಟಾನ್ ಹೀರಿದಾಗ ಅಣುವಿಗೆ ಒಂದು ಸಣ್ಣ ದೂಕು ಬೀಳುತ್ತದೆ, ಅದು ಹೀರುವ ಬಣ್ಣ 50 ಕಿಲೋಹರ್ಟ್ಸ್ ಸರಿಯುತ್ತದೆ. 200 ಸಲ ದೂಕಿದರೆ ಅದು 10 ಮೆಗಾಹರ್ಟ್ಸ್ ಸರಿದು ಲೇಸರಿನ ಹಿಡಿತದಿಂದ ಆಚೆ ಹೋಯಿತು. ಅದಕ್ಕೇ ಒಂದೇ ಕಡೆ ಸಿಕ್ಕಾಪಟ್ಟೆ ಶಕ್ತಿ ಸುರಿದರೆ ಬೆಳಕು ಅಷ್ಟೇ ಪಟ್ಟು ಜಾಸ್ತಿ ಬರುವುದಿಲ್ಲ.

ನಾಲ್ಕನೆಯದು ಧ್ರುವೀಕರಣ, ಅಂದರೆ ಬೆಳಕಿನ ಅಲೆ ಯಾವ ದಿಕ್ಕಿಗೆ ಕಂಪಿಸುತ್ತದೆ ಅನ್ನುವುದು. ಲೇಸರ್ ವೃತ್ತಾಕಾರವಾಗಿ ಧ್ರುವೀಕರಣ ಆಗಿದ್ದರೆ ಅಣುಗಳೆಲ್ಲ ಒಂದೇ ಕಡೆ ಮುಖ ಮಾಡಿ ನಿಂತು, ಬಿದ್ದುಹೋಗದ ಒಂದು ಜೋಡಿ ಮೆಟ್ಟಿಲುಗಳ ನಡುವೆಯೇ ಹತ್ತಿ ಇಳಿಯುತ್ತವೆ. ಆಗ ಬೆಳಕು ಜಾಸ್ತಿ, ಅದೂ ನಮ್ಮ ಕಡೆಗೇ ಜಾಸ್ತಿ. ಆದರೆ ಭೂಮಿಯ ಅಯಸ್ಕಾಂತ ಕ್ಷೇತ್ರ ಈ ಸಾಲನ್ನು ತಿರುಗಿಸಿ ಕೆಡಿಸುತ್ತದೆ. ಲೇಸರ್ ಅಯಸ್ಕಾಂತ ರೇಖೆಯ ಉದ್ದಕ್ಕೆ ಹೋದರೆ ಕೆಡುವುದು ಕಡಿಮೆ, ಅಡ್ಡಕ್ಕೆ ಹೋದರೆ ಜಾಸ್ತಿ. ದಕ್ಷಿಣ ಭಾರತದಲ್ಲಿ ಈ ರೇಖೆಗಳು ಹೆಚ್ಚು ಕಡಿಮೆ ಮಲಗಿರುತ್ತವೆ. ಕೇರಳದ ತುಂಬಾ ಊರಿನಲ್ಲಿ ರಾಕೆಟ್ ನೆಲೆ ಕಟ್ಟಿದ್ದೇ ಅದು ಅಯಸ್ಕಾಂತೀಯ ಸಮಭಾಜಕದ ಹತ್ತಿರ ಇದೆ ಅಂತ. ಹಾಗಾಗಿ ವೀಕ್ಷಣಾಲಯ ಇರುವ ತಮಿಳುನಾಡಿನ ಕವಲೂರಿನಂಥ ಜಾಗದಲ್ಲಿ ನೆತ್ತಿಯ ಮೇಲಕ್ಕೆ ಬಿಟ್ಟ ಲೇಸರ್ ರೇಖೆಗಳಿಗೆ ಬಹುತೇಕ ಅಡ್ಡ. ಲಡಾಖಿನ ಹಾನ್ಲೆಯಲ್ಲಿ ರೇಖೆ ಜಾಸ್ತಿ ಓರೆ ಆಗಿರುವುದರಿಂದ ಸ್ವಲ್ಪ ಮೇಲು. ಚಿಲಿಯ ಅಂಕಿಗಳನ್ನು ತಂದು ಭಾರತದ ಜಾಗಕ್ಕೆ ಹಾಗೇ ಅಂಟಿಸಿದರೆ ಲೆಕ್ಕ ತಪ್ಪುವುದು ಇಲ್ಲೇ. ಪದರದಲ್ಲಿರುವ ಸೋಡಿಯಂ ಕೂಡ ಋತುವಿಗೆ, ಒಂದೊಂದು ಸಲ ಗಂಟೆಗೆ ಬದಲಾಗುತ್ತದೆ. ಸರಾಸರಿಗೆ ಡಿಸೈನ್ ಮಾಡಬೇಡಿ, ಕಡಿಮೆ ಇರುವ ತಿಂಗಳಿಗೆ ಮಾಡಿ.

589 ತಯಾರಿಸುವ ಮೂರು ದಾರಿ

ಕಷ್ಟ ಏನೆಂದರೆ 589 ನ್ಯಾನೋಮೀಟರಿನಲ್ಲಿ ನೇರವಾಗಿ, ಜೋರಾಗಿ ಉರಿಯುವ ಹೇಳಿಮಾಡಿಸಿದ ಲೇಸರ್ ಯಾವುದೂ ಇಲ್ಲ. ಸುತ್ತಿ ಬಳಸಿ ಬರಬೇಕು.

ಮೊದಲು ಬಂದದ್ದು ಡೈ ಲೇಸರ್. ಬಣ್ಣದ ದ್ರಾವಣವನ್ನು ಪಂಪ್ ಮಾಡುತ್ತಾ ಅದರ ಮೇಲೆ ಹಸಿರು ಲೇಸರ್ ಬಿಡುವುದು. ಕ್ಯಾಲಿಫೋರ್ನಿಯಾದ ಲಿಕ್ ವೀಕ್ಷಣಾಲಯ, ಹವಾಯಿಯ ಕೆಕ್, ಚಿಲಿಯ ವಿಎಲ್‌ಟಿ (ವೆರಿ ಲಾರ್ಜ್ ಟೆಲಿಸ್ಕೋಪ್) ಎಲ್ಲವೂ ಡೈ ಲೇಸರಿನಿಂದಲೇ ಶುರು ಮಾಡಿದವು. ನಮ್ಮ ಗ್ಯಾಲಕ್ಸಿಯ ನಡುವಿನ ಕಪ್ಪುಕುಳಿಯ ಸುತ್ತ ನಕ್ಷತ್ರಗಳು ತಿರುಗುವುದನ್ನು ಅಳೆದು ಆಂಡ್ರಿಯಾ ಗೆಜ್ 2020ರ ನೊಬೆಲ್‌ನಲ್ಲಿ ಪಾಲು ಪಡೆದರಲ್ಲ, ಆ ಕೆಲಸಕ್ಕೆ ಕೆಕ್‌ನ ಲೇಸರ್ ನಕ್ಷತ್ರ ಬಹಳ ನೆರವಾಯಿತು. ಅಷ್ಟು ಗೌರವ ಅದಕ್ಕೆ ಸಲ್ಲಬೇಕು. ಆದರೆ ಇವತ್ತು ಯಾರೂ ಅದನ್ನು ಆರಿಸಬಾರದು. ದ್ರಾವಣ ಹತ್ತಿ ಉರಿಯುವಂಥದ್ದು, ಆಗಾಗ ಬದಲಿಸಬೇಕು, ದೂರದರ್ಶಕ ವಾಲಿದಾಗ ಜೊತೆಗೆ ವಾಲಲಾರದು, ಹಾಗಾಗಿ ಬೇರೆ ಕೋಣೆ ಬೇಕು, ನೋಡಿಕೊಳ್ಳಲು ನುರಿತ ಜನ ಬೇಕು.

ಎರಡನೆಯದು ಎರಡು ಇನ್‌ಫ್ರಾರೆಡ್ ಬೆಳಕುಗಳ ಕೂಡಿಕೆ. ಮೊಬೈಲಿನಲ್ಲಿ ಕ್ಯಾಲ್ಕುಲೇಟರ್ ತೆಗೆಯಿರಿ. 1ನ್ನು 1064ರಿಂದ ಭಾಗಿಸಿ, 1ನ್ನು 1319ರಿಂದ ಭಾಗಿಸಿ, ಎರಡನ್ನೂ ಕೂಡಿಸಿ, ಬಂದದ್ದನ್ನು ತಿರುಗಿಸಿ. 588.9! ಎನ್‌ಡಿ-ಯಾಗ್ ಹರಳು ಈ ಎರಡೂ ತರಂಗಾಂತರ ಕೊಡುತ್ತದೆ, ಎರಡನ್ನೂ ಇನ್ನೊಂದು ಹರಳಿನಲ್ಲಿ ಬೆರೆಸಿದರೆ ಸೋಡಿಯಂ ಬಣ್ಣ ಬರುತ್ತದೆ. ಯಾರೂ ಏರ್ಪಾಡು ಮಾಡಿದ್ದಲ್ಲ, ಪ್ರಕೃತಿಯಲ್ಲಿ ತಾನಾಗಿ ಕೂಡಿಬಂದದ್ದು. ಇದನ್ನು ಮೊದಲ ಸಲ ಬೋರ್ಡಿನ ಮೇಲೆ ಬರೆದ ದಿನ ನನಗೆ ಆದ ಸಂತೋಷ ಇವತ್ತಿಗೂ ನೆನಪಿದೆ. ನ್ಯೂ ಮೆಕ್ಸಿಕೋದಲ್ಲಿರುವ ಅಮೆರಿಕದ ವಾಯುಪಡೆಯ ಸ್ಟಾರ್‌ಫೈರ್ ಕೇಂದ್ರದವರು ಹೀಗೆ 50 ವ್ಯಾಟ್ ತೆಗೆದರು. ಜೆಮಿನಿ ವೀಕ್ಷಣಾಲಯದ ಎರಡೂ ದೂರದರ್ಶಕಗಳು (ಒಂದು ಹವಾಯಿಯಲ್ಲಿ, ಒಂದು ಚಿಲಿಯಲ್ಲಿ) ಇದೇ ಜಾತಿಯಿಂದ ಶುರು ಮಾಡಿದವು, ಚಿಲಿಯ ಜೆಮಿನಿ 50 ವ್ಯಾಟನ್ನು ಐದು ನಕ್ಷತ್ರಗಳಿಗೆ ಹಂಚಿತು. ಶಕ್ತಿ ಚೆನ್ನಾಗಿ ಬರುತ್ತದೆ. ಆದರೆ ಕನ್ನಡಿ, ಹರಳುಗಳ ಜೋಡಣೆ ಸ್ವಲ್ಪ ಅಲುಗಿದರೂ ಮತ್ತೆ ಕೂತು ಸರಿಮಾಡಬೇಕು.

ಮೂರನೆಯದು ಫೈಬರ್. 589ರ ದುಪ್ಪಟ್ಟು 1178. ಒಂದು ಪುಟ್ಟ ಡಯೋಡ್ ಲೇಸರ್ 1178ರಲ್ಲಿ ಶುದ್ಧವಾದ ಸಣ್ಣ ಬೆಳಕು ಕೊಡುತ್ತದೆ. ಇನ್ನೊಂದು ಫೈಬರ್ ಲೇಸರ್ 1120ರಲ್ಲಿ ಜೋರು ಬೆಳಕು ಕೊಡುತ್ತದೆ. ಎರಡನ್ನೂ ಒಂದೇ ಗಾಜಿನ ಎಳೆಯಲ್ಲಿ ಕಳಿಸಿದರೆ ನಮ್ಮ ಸರ್ ಸಿ.ವಿ. ರಾಮನ್ ಕಂಡ ಪರಿಣಾಮದಿಂದ ಜೋರು ಬೆಳಕಿನ ಶಕ್ತಿ ಶುದ್ಧ ಬೆಳಕಿಗೆ ದಾಟುತ್ತದೆ. ಗಾಜಿನ ಕಣಗಳ ಕಂಪನ ಎಷ್ಟು ಶಕ್ತಿ ಕದಿಯುತ್ತದೋ ಅಷ್ಟೇ ವ್ಯತ್ಯಾಸ 1120ಕ್ಕೂ 1178ಕ್ಕೂ ಇದೆ. ಕೊನೆಗೆ ಒಂದು ಹರಳಿನಲ್ಲಿ ತರಂಗಾಂತರ ಅರ್ಧ ಮಾಡಿದರೆ 589. ಯುರೋಪಿನ ದಕ್ಷಿಣ ವೀಕ್ಷಣಾಲಯ ಸಂಸ್ಥೆ ಇದನ್ನು ಬೆಳೆಸಿತು, ಜರ್ಮನಿಯ ಟಾಪ್ಟಿಕಾ ಮತ್ತು ಕೆನಡಾದ ಎಂಪಿಬಿ ಸೇರಿ ತಯಾರಿಸಿದವು. 2016ರ ಏಪ್ರಿಲ್‌ನಲ್ಲಿ ವಿಎಲ್‌ಟಿಯ ನಾಲ್ಕನೇ ದೂರದರ್ಶಕದಿಂದ ಒಂದೊಂದು 22 ವ್ಯಾಟಿನ ಇಂಥ ನಾಲ್ಕು ಕಿರಣಗಳು ಮೇಲೇರಿದವು. ಕೆಕ್, ಜೆಮಿನಿ ಕೂಡ ಆಮೇಲೆ ಇದಕ್ಕೇ ಬಂದವು. ಗೆರೆ ತೆಳು, ರೀಪಂಪ್ ಒಳಗೇ ಇದೆ, ದೂರದರ್ಶಕದ ಮೈಮೇಲೇ ಕೂರುತ್ತದೆ, ಅದರ ಜೊತೆಗೇ ವಾಲುತ್ತದೆ. ಇವತ್ತು ಯಾರಾದರೂ ನನ್ನನ್ನು ಕೇಳಿದರೆ ಎರಡು ಸಲ ಯೋಚಿಸದೆ ಇದನ್ನೇ ಹೇಳುತ್ತೇನೆ.

ಈಗ ವ್ಯಾಟ್

ನೆಲಕ್ಕೆ ಎಷ್ಟು ಫೋಟಾನ್ ಬರಬೇಕು ಅನ್ನುವುದರಿಂದ ಹಿಂದಕ್ಕೆ ಲೆಕ್ಕ ಹಾಕಿ. ಒಂದು ಚದರ ಮೀಟರಿಗೆ ಸೆಕೆಂಡಿಗೆ 50 ಲಕ್ಷ ಫೋಟಾನ್ ಬರುತ್ತವೆ ಅಂತ ಇಟ್ಟುಕೊಳ್ಳಿ, 20 ವ್ಯಾಟ್ ವರ್ಗದ ಒಳ್ಳೆಯ ಸೋಡಿಯಂ ಲೇಸರಿನಿಂದ ನಿರೀಕ್ಷಿಸಬಹುದಾದ ಮಟ್ಟ ಇದು. ಕನ್ನಡಿಯನ್ನು 20 ಸೆಂ.ಮೀ. ಚೌಕಗಳಾಗಿ ಭಾಗ ಮಾಡಿದ್ದೀರಿ, ಒಂದು ಚೌಕ 0.04 ಚದರ ಮೀಟರ್. ಸೆಕೆಂಡಿಗೆ ಸಾವಿರ ಸಲ ಅಳೆಯುತ್ತೀರಿ. ಒಂದು ಚೌಕಕ್ಕೆ ಒಂದು ಸಲಕ್ಕೆ 200 ಫೋಟಾನ್. ದಾರಿಯಲ್ಲಿ ಕನ್ನಡಿ, ಗಾಜು, ಡಿಟೆಕ್ಟರ್ ಎಲ್ಲ ತಿಂದು 40 ಶೇಕಡಾ ಉಳಿದರೆ 80. ಇಷ್ಟರಲ್ಲಿ ಕೆಲಸ ನಡೆಯುತ್ತದೆ. ಚೌಕ 10 ಸೆಂ.ಮೀ. ಮಾಡಿದರೆ 20ಕ್ಕೆ ಇಳಿಯಿತು, ಆಗ ವ್ಯಾಟ್ ಏರಿಸುವ ಮಾತು ಬರುತ್ತದೆ. ಏರಿಸುವ ಮೊದಲು ಕಿರಣ ಎಷ್ಟು ಚೊಕ್ಕ ಇದೆ ನೋಡಿ. 90 ಕಿ.ಮೀ. ಮೇಲೆ ಒಂದು ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ರಲ್ಲಿ ಒಂದು ಪಾಲು) ಅಂದರೆ ಬರೀ 44 ಸೆಂ.ಮೀ. ಕಿರಣ ಕೊಳಕಾಗಿದ್ದು ಚುಕ್ಕೆ ದುಪ್ಪಟ್ಟು ಅಗಲ ಆದರೆ ಜಾಸ್ತಿ ವ್ಯಾಟ್ ಕೊಂಡ ದುಡ್ಡು ಅಲ್ಲೇ ಹೋಯಿತು.

ದೊಡ್ಡ ಕನ್ನಡಿಗೆ ಇನ್ನೊಂದು ತೊಂದರೆ ಇದೆ. ಸೋಡಿಯಂ ನಕ್ಷತ್ರ ಚುಕ್ಕೆಯಲ್ಲ, 10 ಕಿ.ಮೀ. ಉದ್ದದ ಕಡ್ಡಿ. ಪಕ್ಕದಿಂದ ನೋಡಿದರೆ ಉದ್ದವಾಗಿ ಕಾಣುತ್ತದೆ. ಲೇಸರಿನಿಂದ 8 ಮೀಟರ್ ದೂರ ನಿಂತರೆ ಸುಮಾರು 2 ಆರ್ಕ್‌ಸೆಕೆಂಡ್, 39 ಮೀಟರ್ ದೂರ ನಿಂತರೆ ಸುಮಾರು 10. ಭಾರತ ಪಾಲುದಾರ ಆಗಿರುವ 30 ಮೀಟರ್ ದೂರದರ್ಶಕದ ಯೋಜನೆಯಲ್ಲಿ ಆರು ಸೋಡಿಯಂ ನಕ್ಷತ್ರ ಬೇಕು ಅಂತಿದೆ, ಆಲಿಕೆಯ ಕೊರತೆ ತುಂಬಲು. ಅಲ್ಲಿ ಈ ಉದ್ದದ ತೊಂದರೆಯೂ ಕೂಡಿಕೊಳ್ಳುತ್ತದೆ. ಕೆಲವು ಮೈಕ್ರೋಸೆಕೆಂಡಿನ ಮಿಡಿತದ ಸೋಡಿಯಂ ಲೇಸರ್ ಇದ್ದರೆ ಮಿಡಿತ ಪದರದಲ್ಲಿ ಏರುವುದನ್ನು ಹಿಂಬಾಲಿಸಿ ಉದ್ದ ಕಡಿಮೆ ಮಾಡಬಹುದು, ತಗ್ಗಿನ ಗಾಳಿಯ ಬೆಳಕನ್ನೂ ತಡೆಯಬಹುದು. ಆದರೆ ನ್ಯಾನೋಸೆಕೆಂಡಿನ ಮಿಡಿತ ಬೇಡ. ಅಷ್ಟು ಕಡಿಮೆ ಹೊತ್ತಿನಲ್ಲಿ ಅಷ್ಟು ಶಕ್ತಿ ಬಂದರೆ ಅಣುಗಳಿಗೆ ಹೊಟ್ಟೆ ತುಂಬಿ ಉಳಿದ ಬೆಳಕು ಸುಮ್ನೆ ದಾಟಿಹೋಗುತ್ತದೆ.

ಯಾವ ಲೇಸರ್ ಆರಿಸಿದರೂ ಒಂದು ಕೆಲಸ ಅದರಿಂದ ಆಗುವುದಿಲ್ಲ. ಕಿರಣ ಮೇಲೆ ಹೋಗುವಾಗಲೂ ಗಾಳಿಯಲ್ಲಿ ಅಲುಗುತ್ತದೆ, ಬರುವಾಗಲೂ ಅಲುಗುತ್ತದೆ. ಹಾಗಾಗಿ ಚಿತ್ರ ಒಟ್ಟಾಗಿ ಅತ್ತಿತ್ತ ಓಲಾಡುವುದನ್ನು ಅದು ಸರಿಯಾಗಿ ಹೇಳಲಾರದು. ಅದಕ್ಕೆ ಒಂದು ನಿಜವಾದ ನಕ್ಷತ್ರ ಬೇಕೇ ಬೇಕು. ಮಂಕಾಗಿದ್ದರೂ ನಡೆಯುತ್ತದೆ, ಸ್ವಲ್ಪ ದೂರ ಇದ್ದರೂ ನಡೆಯುತ್ತದೆ.

ವಿಮಾನ, ರಿಪೇರಿ, ಮತ್ತು ಕೇಳಬೇಕಾದ ಪ್ರಶ್ನೆಗಳು

ಬೀದರ್ ಕೋಟೆಯ ಹತ್ತಿರ ಸಂಜೆ ನಿಂತರೆ ವಾಯುಪಡೆಯ ತರಬೇತಿ ವಿಮಾನಗಳ ಸದ್ದು ಕೇಳುತ್ತದೆ. 2019ರಲ್ಲಿ ಕಲಬುರಗಿಯಲ್ಲೂ ವಿಮಾನ ನಿಲ್ದಾಣ ಶುರುವಾಯಿತು. 22 ವ್ಯಾಟ್ ಅಂದರೆ ನೀವು ಪಾಠಕ್ಕೆ ಬಳಸುವ 5 ಮಿಲಿವ್ಯಾಟಿನ ಪಾಯಿಂಟರಿಗಿಂತ ನಾಲ್ಕು ಸಾವಿರ ಪಟ್ಟಿಗೂ ಜಾಸ್ತಿ. ಆ 5 ಮಿಲಿವ್ಯಾಟನ್ನು ಕೂಡ ಯಾವತ್ತೂ ವಿಮಾನದ ಕಡೆ ತಿರುಗಿಸಬೇಡಿ, ಮಕ್ಕಳಿಗೂ ಗಟ್ಟಿಯಾಗಿ ಹೇಳಿ, ಕತ್ತಲಿಗೆ ಹೊಂದಿಕೊಂಡ ಪೈಲಟ್‌ನ ಕಣ್ಣು ಇಳಿಯುವ ಹೊತ್ತಿನಲ್ಲಿ ಕುಕ್ಕಿದರೆ ಏನಾದೀತು ಯೋಚಿಸಿ. ಹಳದಿ, ಹಸಿರು ಲೇಸರ್ ಆರಿಸಿದರೆ ವಿಮಾನ ಬಂದಾಗ ತಾನಾಗಿ ಮುಚ್ಚುವ ವ್ಯವಸ್ಥೆ ಅಥವಾ ಕಾವಲಿನ ಜನರ ಖರ್ಚು ಮೊದಲ ದಿನದಿಂದಲೇ ಬರೆಯಿರಿ. ಉಪಗ್ರಹಗಳಿಗೆ ಕಿರಣ ತಗುಲದಂತೆ ನೋಡುವ ವಿಷಯ ನೇರಳಾತೀತಕ್ಕೂ ಬಿಟ್ಟಿದ್ದಲ್ಲ, ಯಾವಾಗ ಯಾವ ಕಡೆ ಬಿಡಬಾರದು ಅಂತ ಮೊದಲೇ ಕೇಳಿಕೊಳ್ಳಬೇಕು.

ರಿಪೇರಿಯ ಮಾತು ನನಗೆ ಹತ್ತಿರದ್ದು. ವರ್ಷಗಳ ಹಿಂದೆ ನಾನು ಪಾಠ ಮಾಡುತ್ತಿದ್ದ ಒಂದು ಕಾಲೇಜಿನಲ್ಲಿ ಒಂದೇ ಒಂದು ಹೀಲಿಯಂ-ನಿಯಾನ್ ಲೇಸರ್ ಇತ್ತು. ಬೇಸಿಗೆಯಲ್ಲಿ ಒಂದು ದಿನ ಅದರ ಪವರ್ ಸಪ್ಲೈ ಸುಟ್ಟಿತು. ಕೊಟ್ಟವರಿಗೆ ಫೋನ್ ಮಾಡಿದರೆ "ನಾಳೆ, ಮುಂದಿನ ವಾರ" ಅನ್ನುತ್ತಾ ಎಂಟು ತಿಂಗಳು ಕಳೆಯಿತು. ಆ ವರ್ಷದ ಮಕ್ಕಳು ವಿವರ್ತನೆಯ ಪಟ್ಟಿಗಳನ್ನು ಕಣ್ಣಾರೆ ನೋಡದೆ, ಪುಸ್ತಕದ ಚಿತ್ರ ನೋಡಿ ಪರೀಕ್ಷೆ ಬರೆದರು. ಒಬ್ಬಳು ಶಹಾಪುರದ ಕಡೆಯಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದಳು, ಲ್ಯಾಬಿನ ಬಾಗಿಲಲ್ಲಿ ನಿಂತು "ಇವತ್ತಾದರೂ ಬಂತೇನ್ರಿ?" ಅಂತ ಕೇಳುತ್ತಿದ್ದಳು. ಬೆಟ್ಟದ ಮೇಲಿನ ದೂರದರ್ಶಕದಲ್ಲಿ ಒಂದು ರಾತ್ರಿ ಹೋದರೂ ಯಾರೋ ಒಬ್ಬರ ವರ್ಷದ ಕೆಲಸ ಹೋಗಬಹುದು.

ಅದಕ್ಕೇ ಮಾರುವವರ ಮುಂದೆ ಕೂತಾಗ ವ್ಯಾಟ್ ಕೇಳುವುದಕ್ಕಿಂತ ಮುಂಚೆ ಇವನ್ನು ಕೇಳಿ, ಉತ್ತರ ಬರಹದಲ್ಲೇ ಪಡೆಯಿರಿ. ಆನ್ ಮಾಡಿದ ಮೇಲೆ ಸರಿಯಾದ ಬಣ್ಣಕ್ಕೆ ಬಂದು ನಿಲ್ಲಲು ಎಷ್ಟು ನಿಮಿಷ ಬೇಕು? ರಾತ್ರಿಯಿಡೀ ಯಾರೂ ಮುಟ್ಟದೆ ಓಡುತ್ತದೆಯೇ? 4500 ಮೀಟರ್ ಎತ್ತರದ ತೆಳು ಗಾಳಿಯಲ್ಲಿ, ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಪರೀಕ್ಷೆ ಆಗಿದೆಯೇ? ವಾಲಿಸಿದಾಗ ಶಕ್ತಿ ಎಷ್ಟು ಇಳಿಯುತ್ತದೆ? ಲೇಸರಿಗೆ ಶಕ್ತಿ ತುಂಬುವ ಪಂಪ್ ಡಯೋಡ್ ಎಷ್ಟು ಸಾವಿರ ಗಂಟೆ ಬಾಳುತ್ತದೆ, ಬದಲಿಸಲು ನಮ್ಮ ಹುಡುಗರಿಗೆ ಕಲಿಸಿಕೊಡುತ್ತೀರಾ, ಅಥವಾ ನಿಮ್ಮ ಜನವೇ ಬರಬೇಕಾ? ಮತ್ತು ಬಿಡಿಭಾಗ ಭಾರತದಲ್ಲೇ ಎಲ್ಲಿ ಇಟ್ಟಿರುತ್ತೀರಿ, ಅಲ್ಲಿಂದ ನಮ್ಮ ಬಾಗಿಲಿಗೆ ಎಷ್ಟು ದಿನ?